ರುಚಿ ನೋಡುವವಳ ಬಾಯಿ

ಹಾಸ್ಟೆಲ್, ಮಂಗಳೂರು
14 ಅಕ್ಟೋಬರ್ 2024

ಅಕ್ಕಾ,

ಚೆನ್ನಾಗಿದ್ದೀಯಾ ಎಂದು ನಾನು ಕೇಳುವುದಿಲ್ಲ. ಅದನ್ನು ಎಸ್ಟೇಟ್ ಲೈನಿನ ಕೂಲಿ ಮನೆಗಳೆಲ್ಲ ಕೇಳುತ್ತಿವೆ. ನನ್ನನ್ನು ಯಾರೂ ಕೇಳದ ಕಾರಣ ನಾನೇ ಹೇಳಿಬಿಡುತ್ತೇನೆ: ಚೆನ್ನಾಗಿಲ್ಲ. ಕೆಮಿಸ್ಟ್ರಿ ಇಂಟರ್ನಲ್ಸ್‌ನಲ್ಲಿ ಇಪ್ಪತ್ತಕ್ಕೆ ಎಂಟು. ಲೆಕ್ಚರರ್ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ನನಗೆ ಉತ್ತರ ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ. ಆರನೇ ಕ್ಲಾಸಿನಿಂದ ಕಳಸ, ಮೂಡಿಗೆರೆ, ಈಗ ಇಲ್ಲಿ ಎಂದು ಮೂರು ಹಾಸ್ಟೆಲ್ ಆಯಿತು, ಆದರೂ ಪ್ರತಿ ಸಲ ಮೊದಲನೇ ತಿಂಗಳು ಅದೇ ಟೆನ್ಷನ್.

ಫಸ್ಟ್ ಇಯರ್‌ನವರ ಫೋನುಗಳೆಲ್ಲ ವಾರ್ಡನ್ ಬೀರುವಿನಲ್ಲಿವೆ. ಭಾನುವಾರ ಒಂದು ಗಂಟೆ ಕೊಡುತ್ತಾರೆ. ಆ ಗಂಟೆಯಲ್ಲಿ ಅಮ್ಮ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಅಂಗಳಕ್ಕೆ ಹತ್ತಿ ಬಂದು ನೆಟ್‌ವರ್ಕ್ ಹಿಡಿದರೆ ಬರೀ ನಿನ್ನದೇ ಮಾತು. "ಅವ್ಳಿಗೆ ಎರಡು ಮಾತಾಡಿದ್ರೆ ಬಾಯಿ ಒಣಗಿ ಉರಿ ಹತ್ತುತ್ತದೆ, ಫೋನ್ ಕೊಡಲ್ಲ ಮಾರಾಯ್ತಿ" ಅನ್ನುತ್ತಾಳೆ. ಅದಕ್ಕೇ ಈ ಪತ್ರ.

ದಸರಾಕ್ಕೆ ಮನೆಗೆ ಬರಬೇಡ ಅಂದಿರಿ. ದೀಪಾವಳಿಗೂ ಬೇಡವಂತೆ. ತೊಂಬತ್ತು ಹುಡುಗಿಯರ ನಡುವೆ ಇರುವವಳು, ಶೀತ ಹೊತ್ತು ಬಂದರೆ ನಿನಗೆ ಅಪಾಯ ಎಂದು ಡಾಕ್ಟರ್ ಹೇಳಿದ್ದು ನನಗೆ ಅರ್ಥವಾಗುತ್ತದೆ, ಸೀರಿಯಸ್ಲಿ. ಆದರೆ ಜೂನ್ ತಿಂಗಳಲ್ಲಿ ನಿನಗೆ ಕೊಡಲೆಂದು ನನ್ನ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದರಲ್ಲ, ಎರಡು ದಿನ ಎಲ್ಲರೂ "ದಿವ್ಯಾ ದೇವರಂಥವಳು" ಅಂದರು. ಮೂರನೇ ದಿನ ನನ್ನ ಟ್ರಂಕ್ ಕಟ್ಟಿದರು. ನಿನ್ನ ತಟ್ಟೆ ಬೇರೆ, ಲೋಟ ಬೇರೆ, ಅಮ್ಮ ನಿನ್ನ ಗಂಜಿಯನ್ನು ಸೋಸಿ ಸೋಸಿ ಕೊಡುತ್ತಾಳೆ. ನನಗೆ ಅಮ್ಮ ಹಾಗೆ ಸೋಸಿ ಕೊಟ್ಟದ್ದು ನೆನಪೇ ಇಲ್ಲ.

ಬಿಡು. ಒಂದು ಕೇಳಬೇಕು. ನಿನಗೆ ರುಚಿ ಗೊತ್ತಾಗುವುದಿಲ್ಲವೆಂದು ಅಪ್ಪ ಯಾರಿಗೋ ಹೇಳುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು. ನಿಜವಾ? ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಸೋಮಶೇಖರಪ್ಪ ಸರ್ ಟೇಸ್ಟಿಂಗ್ ಟೇಬಲಿನಲ್ಲಿ ನೀನು ಕೂತು ಕಾಫಿ ರುಚಿ ನೋಡುತ್ತಿದ್ದ ಸ್ಟೂಲನ್ನು ಫೆಬ್ರವರಿಯ ಹೊಸ ಕಾಫಿ ಬರುವವರೆಗೆ ಖಾಲಿ ಇಟ್ಟಿರುತ್ತಾರಂತಲ್ಲ. ಆಮೇಲೆ?

ನಿನ್ನ,
ದಿವ್ಯಾ

*

ಎಸ್ಟೇಟ್ ಲೈನ್, ಕಳಸ
27 ಅಕ್ಟೋಬರ್ 2024

ದಿವ್ಯಾ,

ಅಪ್ಪನಿಗೆ ಊರಿಗೆಲ್ಲ ಹೇಳುವ ಚಟ. ನನಗೆ ಆಗಿರುವುದು ಸ್ವಲ್ಪ ಬಾಯಿ ಹುಣ್ಣು. ಕೆನ್ನೆಯ ಒಳಗೆ ಬಿಳಿ ಗೆರೆ ಎದ್ದಿದೆ, ಖಾರ ತಾಗಿದರೆ ಉರಿಯುತ್ತದೆ, ಅಷ್ಟೇ. ಮಜ್ಜೆ ಬದಲಿಸಿದವರಿಗೆ ಇದೆಲ್ಲ ಆಗುವುದಂತೆ. ರುಚಿಗೆ ಏನೂ ಆಗಿಲ್ಲ. ಫೆಬ್ರವರಿಗೆ ನಾನು ಸ್ಟೂಲಿನ ಮೇಲೆ ಕೂತಿರುತ್ತೇನೆ, ನೀನು ಬೇಕಾದರೆ ಬಂದು ನೋಡು.

ಡಾಕ್ಟರ್ ಬಾಯಿ ಮುಕ್ಕಳಿಸುವ ಮದ್ದು ಕೊಟ್ಟಿದ್ದಾರೆ, ದಿನಕ್ಕೆ ನಾಲ್ಕು ಸಲ. ಹೇಗೆ ಮಾಡಬೇಕೆಂದು ನರ್ಸ್ ಹೇಳಲು ಹೊರಟಾಗ ನಾನೇ ತಡೆದೆ. "ಸಿಸ್ಟರ್, ನನ್ನ ಕೆಲ್ಸನೇ ಇದು" ಅಂದೆ. ಅವಳು ನಕ್ಕಳು. ಮತ್ತೆ, ದಿನಕ್ಕೆ ನೂರು ಕಪ್ಪು ಬಾಯಿಗೆ ಹಾಕಿ ಉಗುಳಿದವಳಿಗೆ ಮುಕ್ಕಳಿಸುವುದನ್ನು ಕಲಿಸಬೇಕೇ? ಚಮಚದಿಂದ ಸುರ್ ಎಂದು ಎಳೆದು, ನಾಲಿಗೆಯ ಮೇಲೆಲ್ಲ ಹರಡಿ, ಒಂದು ಎರಡು ಮೂರು, ಡಬ್ಬಕ್ಕೆ ಉಗುಳು. ಮೂರಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಂಡರೆ ನಾಲಿಗೆ ಮಂಕಾಗುತ್ತದೆ ಎಂಬುದು ಸರ್ ಕಲಿಸಿದ ಮೊದಲ ಪಾಠ. ಬೀಜ ಆರಿಸುವ ಹೆಂಗಸರ ಸಾಲಿನಿಂದ ನನ್ನನ್ನು ಎಬ್ಬಿಸಿ ಟೇಬಲಿಗೆ ಕರೆದುಕೊಂಡು ಹೋದ ದಿನವೇ ಹೇಳಿದ್ದರು. ಈ ಮದ್ದಿಗೂ ಅದೇ ಲೆಕ್ಕ, ಒಂದು ದಿನವೂ ತಪ್ಪಿಸಿಲ್ಲ. ನಾಲ್ಕೂ ಸಲ ಅಚ್ಚುಕಟ್ಟಾಗಿ ಮಾಡುತ್ತೇನೆ.

ಗಂಜಿ ಸೋಸಿ ಕೊಡುವುದನ್ನು ನೋಡಿ ಹೊಟ್ಟೆಕಿಚ್ಚುಪಡುವವಳು ನೀನೊಬ್ಬಳೇ ಇರಬೇಕು. ನೀನು ಕಾಲೇಜು ಮೆಟ್ಟಿಲು ಹತ್ತಿದ್ದೀಯ. ನನ್ನನ್ನು ಹತ್ತನೇ ಕ್ಲಾಸಿಗೇ ಬಿಡಿಸಿ ಬೀಜ ಆರಿಸಲು ಕಳಿಸಿದರು. ಅದನ್ನು ನಾನು ಯಾವತ್ತಾದರೂ ಪತ್ರದಲ್ಲಿ ಬರೆದಿದ್ದೇನಾ?

ಮೆಸ್ಸಿನಲ್ಲಿ ಮೀನು ಸಾರು ಇರುತ್ತದೆಂದು ಅಮ್ಮನಿಗೆ ಹೇಳಿದ್ದೀಯಂತೆ. ಅಂಥದ್ದನ್ನು ನನಗೆ ಬರೆಯಬೇಡ.

ಧನ್ಯಶ್ರೀ

*

(ಪೋಸ್ಟ್ ಮಾಡದೆ ಉಳಿದದ್ದು)

ಹಾಸ್ಟೆಲ್
8 ನವೆಂಬರ್ 2024, ಶುಕ್ರವಾರ

ಅಕ್ಕಾ,

ಅರ್ಜೆಂಟ್. ನಿನ್ನ ಪತ್ರವನ್ನು ರೂಮ್‌ಮೇಟ್ ಶಬನಂಗೆ ಓದಿ ಹೇಳಿದೆ. ಅವಳು ಮೂಡಿಗೆರೆಯವಳು, ಅವಳ ಅಪ್ಪನದು ಅಲ್ಲಿ ಜೀಪ್ ರಿಪೇರಿ ಶಾಪು. ಹಲ್ಲಿನ ಡಾಕ್ಟರ್ ಕೋರ್ಸು, ನಾಲ್ಕನೇ ವರ್ಷ. ನೀನು ಸುರ್ ಎಂದು ಎಳೆಯುವುದನ್ನು ನಾನು ಆ್ಯಕ್ಟ್ ಮಾಡಿ ತೋರಿಸಿದೆ, ನಗಲಿ ಎಂದು. ಅವಳು ನಗಲಿಲ್ಲ.

"ಮೂರು ಸೆಕೆಂಡಾ? ಅದೇನು ಕಾಫಿ ಅನ್ಕಂಡ್ಲಾ ನಿಮ್ಮಕ್ಕ? ಸ್ಟೀರಾಯ್ಡ್ ಅದು. ಗಡಿಯಾರ ನೋಡ್ಕಂಡು ಐದು ನಿಮಿಷ ಬಾಯಲ್ಲೇ ಆಡಿಸ್ಬೇಕು. ಆಮೇಲೆ ಉಗೀಬೇಕು, ಅರ್ಧ ಗಂಟೆ ಎಂತದೂ ತಿನ್ನಬಾರ್ದು. ಇಲ್ದಿದ್ರೆ ಬಾವಿ ನೀರಲ್ಲಿ ಬಾಯಿ ತೊಳ್ಕಂಡ ಹಾಗೆ ಅಷ್ಟೇ. ಅಕ್ಕಂಗೆ ಈಗ್ಲೇ ಬರಿ" ಅಂದಳು.

ಅದಕ್ಕೇ ಬರೆಯುತ್ತಿದ್ದೇನೆ. ಐದು ನಿಮಿಷ ಅಕ್ಕಾ. ಅಂಚೆಚೀಟಿ ನಾಳೆ ತರುತ್ತೇನೆ.

ಭಾನುವಾರ, ಇದೇ ಹಾಳೆಯಲ್ಲಿ:

ನಿನ್ನೆ ಪೋಸ್ಟ್ ಆಫೀಸ್ ಅರ್ಧ ದಿನ ಎಂದು ಮರೆತಿದ್ದೆ. ಇವತ್ತು ಫೋನ್ ಕೈಗೆ ಬಂದ ತಕ್ಷಣ ಸೋಮಶೇಖರಪ್ಪ ಸರ್ ಕರೆ. ನನಗೆ! ಡಿಸೆಂಬರ್ ರಜೆಯಲ್ಲಿ ಚಿಕ್ಕಮಗಳೂರಿಗೆ ಬಾ, ಟೇಬಲಿಗೆ ಕೂರಿಸಿ ನೋಡುತ್ತೇನೆ ಅಂದರು. "ರಕ್ತವೇ ಒಂದಾದ್ಮೇಲೆ ನಾಲಿಗೆ ಬೇರೆ ಇರ್ತದಾ? ನಿಮ್ಮಕ್ಕ ಬರೋದು ಡೌಟು. ಸ್ಟೂಲು ಖಾಲಿ ಬಿಡೋಕಾಗಲ್ಲ ನೋಡಮ್ಮ" ಅಂದರು.

ನನ್ನನ್ನು ಇದುವರೆಗೆ ಯಾರೂ ಯಾವುದಕ್ಕೂ ಫೋನ್ ಮಾಡಿ ಕರೆದಿಲ್ಲ.

ಈ ಕಾಗದವನ್ನು ಕೆಮಿಸ್ಟ್ರಿ ರೆಕಾರ್ಡಿನೊಳಗೆ ಇಡುತ್ತಿದ್ದೇನೆ. ಮುಂದಿನ ವಾರ ಕಳಿಸುತ್ತೇನೆ. ಒಂದು ವಾರದಲ್ಲಿ ಏನಾಗುತ್ತದೆ.

*

ಹಾಸ್ಟೆಲ್
11 ನವೆಂಬರ್ 2024

ಅಕ್ಕಾ,

ಪತ್ರ ತಲುಪಿತು. ಮದ್ದು ತಪ್ಪಿಸದೆ ಮಾಡುತ್ತಿರುವುದು ಒಳ್ಳೆಯದು. ಹಾಗೇ ಮುಂದುವರಿಸು.

ಒಂದು ಸಣ್ಣ ವಿಷಯ. ಸೋಮಶೇಖರಪ್ಪ ಸರ್ ರಜೆಯಲ್ಲಿ ಬಂದು ಟೇಸ್ಟಿಂಗ್ ನೋಡಿ ಹೋಗು ಅಂದರು. ಸುಮ್ಮನೆ ಟೈಮ್ ಪಾಸ್‌ಗೆ. ಫುಡ್ ಸೈನ್ಸ್ ಓದುವವಳಲ್ಲವಾ, ರೆಸ್ಯೂಮೆಗೆ ಆಗುತ್ತದೆ. ನಿನ್ನ ಸ್ಟೂಲಿಗೂ ಇದಕ್ಕೂ ಸಂಬಂಧವಿಲ್ಲ. ಹೋಗುವ ಮೊದಲು ಏನೇನು ಮಾಡಬೇಕು ಹೇಳಿಕೊಡುತ್ತೀಯಾ? ಅಲ್ಲಿ ಎಲ್ಲರೆದುರು ಪೆಚ್ಚಾಗುತ್ತೇನೆಂದು ಈಗಲೇ ಭಯ.

ದಿವ್ಯಾ

*

ಎಸ್ಟೇಟ್ ಲೈನ್
25 ನವೆಂಬರ್ 2024

ದಿವ್ಯಾ,

ಹೋಗಿ ಬಾ. ನಿನಗೆ ಯಾವುದಕ್ಕೂ ನನ್ನ ಒಪ್ಪಿಗೆ ಬೇಕಾಗಿಲ್ಲ.

ಹಿಂದಿನ ದಿನ ಈರುಳ್ಳಿ, ಬೆಳ್ಳುಳ್ಳಿ ತಿನ್ನಬೇಡ. ಮುಖಕ್ಕೆ ಪೌಡರ್ ಬೇಡ, ತಲೆಗೆ ಮಲ್ಲಿಗೆ ಮುಡಿಯಬೇಡ, ಘಮ ಅಡ್ಡ ಬರುತ್ತದೆ. ಹಳೆ ಬಟ್ಟೆ ಹಾಕಿಕೊ, ಉಗುಳುವಾಗ ಮೊದಮೊದಲು ಮೈಮೇಲೆಲ್ಲ ಬೀಳುತ್ತದೆ. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಎರಡು ಲವಂಗ ಕಚ್ಚಿ, ಟೇಬಲಿಗೆ ಹೋಗುವವರೆಗೂ ದವಡೆಯಲ್ಲಿ ಇಟ್ಟುಕೊ. ನಾಲಿಗೆ ಎಚ್ಚರವಾಗುತ್ತದೆ. ಇದನ್ನು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಮೊನ್ನೆ ಒಂದು ಲೋಟ ಕಾಫಿ ಕುಡಿದೆ, ಎಲ್ಲ ರುಚಿಯೂ ಗೊತ್ತಾಯಿತು.

ಧನ್ಯಶ್ರೀ

*

ಹಾಸ್ಟೆಲ್
23 ಡಿಸೆಂಬರ್ 2024

ಧನ್ಯಶ್ರೀ ಅವರಿಗೆ,

ಶನಿವಾರ ನೀವು ಹೇಳಿದ ಹಾಗೆ ಎರಡು ಲವಂಗ ಇಟ್ಟುಕೊಂಡೇ ಹೋದೆ. ಹತ್ತು ಕಪ್ಪು ಇಟ್ಟಿದ್ದರು. ನನಗೆ ಹತ್ತೂ ಒಂದೇ. ನಾಲಿಗೆ ನನ್ನದೋ ಪಕ್ಕದವರದೋ ಗೊತ್ತಾಗದ ಹಾಗೆ ಜೋಮು ಹಿಡಿದಿತ್ತು. ನಂದನ್ ಎಂಬ ಹೊಸ ಹುಡುಗ ನನ್ನ ಪಕ್ಕ ಕೂತು ಒಂದೊಂದಕ್ಕೂ ಹೆಸರು ಹೇಳುತ್ತಿದ್ದ: ಇದು ನೆರಳಲ್ಲಿ ಒಣಗಿದ್ದು, ಇದು ಹುಳಿ ಬಂದದ್ದು, ಇದಕ್ಕೆ ಗೋಣಿಚೀಲದ ವಾಸನೆ. ನಾನು ಎಲ್ಲದಕ್ಕೂ "ಗುಡ್ ಸರ್" ಅಂದೆ.

ಸರ್ ಹತ್ತಿರ ಬಂದು ಮೂಗೆಳೆದರು. "ಎಂತದಮ್ಮ ಇದು, ಲವಂಗ? ಮೂವತ್ತು ವರ್ಷದಲ್ಲಿ ಲವಂಗ ಹಾಕ್ಕಂಡು ಟೇಸ್ಟಿಂಗಿಗೆ ಬಂದೋರನ್ನ ಇವತ್ತೇ ನೋಡಿದ್ದು. ಹಲ್ಲುನೋವಿತ್ತಾ?" ಅಂದರು. ಎಲ್ಲರೂ ನಕ್ಕರು. ಯಾರು ಹೇಳಿಕೊಟ್ಟದ್ದು ಎಂದು ಕೇಳಿದಾಗ ನಾನು ನಿಮ್ಮ ಹೆಸರು ಹೇಳಲಿಲ್ಲ. ಅದನ್ನು ನೆನಪಿಡಿ.

ವಾಪಸ್ ಬರುವಾಗ ಕೊಟ್ಟಿಗೆಹಾರದಲ್ಲಿ ಬಸ್ಸು ಟೀಗೆ ನಿಂತಿತ್ತು. ಕಳಸದ ಜೀಪು ಎದುರಿಗೇ ಇತ್ತು, ಡ್ರೈವರ್ ಗುರುತು ಹಿಡಿದು "ಬಾ ಮಾರಾಯ್ತಿ, ಅಕ್ಕನ್ನ ನೋಡ್ಕಂಡು ಹೋಗು" ಎಂದು ಕರೆದ. ಶೀತ ಇದೆ ಎಂದೆ. ಶೀತ ಇರಲಿಲ್ಲ.

ದಿವ್ಯಾ

*

ಎಸ್ಟೇಟ್ ಲೈನ್
11 ಜನವರಿ 2025

ದಿವ್ಯಾ,

ಲವಂಗ ನಾನು ಬೇಕೆಂದೇ ಬರೆದದ್ದು. ಮರೆತೂ ಅಲ್ಲ, ತಮಾಷೆಗೂ ಅಲ್ಲ. ನಿನ್ನ "ಸುಮ್ಮನೆ ಟೈಮ್ ಪಾಸ್" ಓದಿದಾಗಲೇ ಹಾಗೆ ಬರೆಯಬೇಕೆಂದುಕೊಂಡೆ. ನನ್ನ ಬಳಿ ಇದ್ದದ್ದು ಆ ಒಂದು ಸ್ಟೂಲು. ಅದರ ಮೇಲೆ ನೀನು ಕೂತಿರುವುದನ್ನು ಮಲಗಿದ್ದಲ್ಲೇ ನೂರು ಸಲ ನೋಡಿದೆ.

ಬರೆದ ಮೇಲೆ ಖುಷಿಯಾಗಿದ್ದೂ ಹೌದು. ನಿನ್ನ ಪತ್ರ ಬಂದ ದಿನ ಹೋಯಿತು ಆ ಖುಷಿ.

ಈಗ ನಿಜ ಹೇಳುತ್ತೇನೆ. ಅಕ್ಟೋಬರಿನಿಂದಲೂ ನನಗೆ ರುಚಿ ಇಲ್ಲ. ಕಾಫಿ ಬಾಯಿಗೆ ಬಿಟ್ಟರೆ ಬಿಸಿನೀರಿನಲ್ಲಿ ತಗಡು ಅದ್ದಿದ ಹಾಗೆ. ಅಮ್ಮ ಸಾರು ಕೊಟ್ಟು "ಉಪ್ಪು ಸರಿ ಇದ್ಯಾ" ಎಂದರೆ ಪ್ರತಿ ಸಲ "ಸರಿ ಇದೆ" ಅನ್ನುತ್ತಿದ್ದೆ. ಕಳೆದ ವಾರ ಅವಳು ಉಪ್ಪು ಹಾಕದೆಯೇ ಕೊಟ್ಟಿದ್ದಾಳೆ. ನಾನು "ಇವತ್ತು ಭಾರಿ ರುಚಿ" ಅಂದೆ. ಅಮ್ಮ ಒಲೆಯ ಕಡೆ ತಿರುಗಿ ಕೂತಳು.

ಕೆನ್ನೆ ಒಳಗೆಲ್ಲ ಹುಣ್ಣು. ಪೇಸ್ಟಿನ ಖಾರಕ್ಕೆ ಹೆದರಿ ಬರೀ ನೀರಲ್ಲಿ ಹಲ್ಲುಜ್ಜುತ್ತೇನೆ. ಎರಡು ಬೆರಳಿಗಿಂತ ಅಗಲ ಬಾಯಿ ತೆರೆಯಲಾಗುವುದಿಲ್ಲ. ಎಂಜಲು ಬರುವುದೇ ಇಲ್ಲ, ಅನ್ನ ನುಂಗಲು ಪ್ರತಿ ತುತ್ತಿಗೂ ನೀರು.

ಬುಧವಾರ ಬೆಂಗಳೂರಿಗೆ ಹೋಗಿದ್ದೆವು. ಯಾಕೆ ಹೀಗೆ ಎಂದು ಅಮ್ಮ ಕೇಳಿದಳು. ತಂಗಿಯ ಮಜ್ಜೆಯಿಂದ ಹುಟ್ಟಿದ ರಕ್ತಕ್ಕೆ ಅಕ್ಕನ ಬಾಯಿ ಇನ್ನೂ ಗುರುತಾಗಿಲ್ಲ, ಹೊರಗಿನದೆಂದುಕೊಂಡು ಅದರ ಮೇಲೆ ಬೀಳುತ್ತಿದೆ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ದಾರಿಯುದ್ದಕ್ಕೂ ಅಮ್ಮನದು ಒಂದೇ ಮಾತು: "ಅವ್ಳ ರಕ್ತ ಇವ್ಳ ಬಾಯಿ ತಿಂತಾ ಉಂಟಂತೆ." ನಿನಗೆ ಹೇಳಬೇಡ ಎಂದಿದ್ದೇನೆ. ನಾನೇ ಹೇಳುತ್ತಿದ್ದೇನೆ ನೋಡು.

ಮುಕ್ಕಳಿಸುವ ಮದ್ದು ಇಷ್ಟು ತಿಂಗಳು ತಪ್ಪದೆ ಮಾಡಿಯೂ ಒಂದಿಷ್ಟೂ ಗುಣ ಕಂಡಿಲ್ಲವೆಂದು ಡಾಕ್ಟರ್‌ಗೆ ಆಶ್ಚರ್ಯ. ಈ ತಿಂಗಳ ಇಪ್ಪತ್ತೆರಡರವರೆಗೆ ನೋಡಿ, ಇಳಿಯದಿದ್ದರೆ ನುಂಗುವ ಮಾತ್ರೆ ಜಾಸ್ತಿ ಮಾಡುತ್ತಾರಂತೆ. ಮಾತ್ರೆ ಜಾಸ್ತಿಯಾದರೆ ಮೈಯ ಶಕ್ತಿ ಇಳಿಯುತ್ತದೆ, ಯಾವ ಸೋಂಕು ಬಂದರೂ ತಡೆಯುವುದು ಕಷ್ಟ, ಮತ್ತೆ ಆಸ್ಪತ್ರೆಯ ಒಂಟಿ ಕೋಣೆ. ಆ ಕೋಣೆಗೆ ನಾನು ಇನ್ನೊಂದು ಸಲ ಹೋಗಲಾರೆ ದಿವ್ಯಾ.

ಧನ್ಯಕ್ಕ

*

ಹಾಸ್ಟೆಲ್
15 ಜನವರಿ 2025

ಅಕ್ಕಾ,

ಈ ಪತ್ರ ತಲುಪುವ ಮೊದಲೇ ವಿಷಯ ನಿನಗೆ ಗೊತ್ತಾಗಿರುತ್ತದೆ. ವಾರ್ಡನ್ ಹತ್ತಿರ ಅತ್ತು ಫೋನ್ ತೆಗೆದುಕೊಂಡು ಈಗ ತಾನೇ ಅಪ್ಪನಿಗೆ ಹೇಳಿದೆ: ಆ ಮದ್ದನ್ನು ಮೂರು ಸೆಕೆಂಡಲ್ಲ, ಗಡಿಯಾರ ನೋಡಿ ಐದು ನಿಮಿಷ ಬಾಯಲ್ಲಿ ಇಟ್ಟುಕೊಂಡು ಆಡಿಸಬೇಕು, ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಇಷ್ಟು ದಿನ ನೀನು ಹೇಗೆ ಮಾಡುತ್ತಿದ್ದೆ ಎಂದು ಡಾಕ್ಟರ್‌ಗೆ ಫೋನ್ ಮಾಡಿ ಹೇಳಬೇಕು. "ನಿಂಗೆ ಯಾರು ಹೇಳಿದ್ದು?" ಅಂದರು ಅಪ್ಪ. ಶಬನಂ ಎಂದೆ. ಯಾವಾಗ ಹೇಳಿದಳೆಂದು ಅವರು ಕೇಳಲಿಲ್ಲ.

ನೀನು ಕೇಳುತ್ತೀಯ. ಅದಕ್ಕೇ ನವೆಂಬರ್ ಎಂಟರಂದು ಬರೆದ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಆ ಸೋಮವಾರವೇ ಅಂಚೆಚೀಟಿಯೂ ತಂದಾಗಿತ್ತು. ಅರವತ್ತೆಂಟು ದಿನ ಅದು ನನ್ನ ರೆಕಾರ್ಡಿನಲ್ಲೇ ಇತ್ತು. ಶಬನಂ ಎರಡು ಸಲ "ಅಕ್ಕಂಗೆ ಬರೆದ್ಯಾ?" ಎಂದು ಕೇಳಿದಳು, ಎರಡು ಸಲವೂ ಹೂಂ ಅಂದೆ.

ಮರೆತೆ ಎಂದು ಬರೆಯಬಹುದಿತ್ತು. ಟ್ರೈ ಮಾಡಿದೆ, ಮೂರು ಹಾಳೆ ಹರಿದೆ. ಮರೆತಿರಲಿಲ್ಲ. ನಿನಗೆ ಕೆಟ್ಟದಾಗಲಿ ಎಂದೂ ಇರಲಿಲ್ಲ. ಫೆಬ್ರವರಿ ಕಳೆಯುವವರೆಗೆ ನೀನು ಗುಣವಾಗುವುದು ಸ್ವಲ್ಪ ನಿಧಾನವಾಗಲಿ ಎಂದಿತ್ತು. ಬರೆದು ನೋಡಿದರೆ ಎರಡೂ ಒಂದೇ ಅನ್ನಿಸುತ್ತಿದೆ.

ಲವಂಗಕ್ಕೆ ನಿನ್ನ ಮೇಲೆ ಅಷ್ಟು ಸಿಟ್ಟು ಮಾಡಿ ಬರೆದೆನಲ್ಲ, ಆಗಲೂ ಈ ಹಾಳೆ ನನ್ನ ರೆಕಾರ್ಡಿನೊಳಗೇ ಇತ್ತು.

ಡಾಕ್ಟರ್ ಹೇಳಿದ ಮಾತು ನಿಜವಿರಬಹುದು. ನನ್ನ ರಕ್ತಕ್ಕೆ ನಿನ್ನ ಗುರುತಿಲ್ಲ, ಅದಕ್ಕೆ ಗೊತ್ತಿಲ್ಲದೆ ಮಾಡುತ್ತಿದೆ. ನಾನು ಗೊತ್ತಿದ್ದೇ ಮಾಡಿದೆ.

ಶಬನಂ ಇನ್ನೂ ಹೇಳಿದ್ದಾಳೆ: ಪುದಿನ ಇಲ್ಲದ ಮಕ್ಕಳ ಪೇಸ್ಟು, ಮೆತ್ತನೆ ಬ್ರಷ್ಷು, ಎಂಜಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ, ಆದ್ದರಿಂದ ಬರೀ ನೀರಲ್ಲಿ ಉಜ್ಜುವುದು ಬೇಡ. ಎರಡನ್ನೂ ಪಾರ್ಸೆಲ್ ಮಾಡಿದ್ದೇನೆ. ನನ್ನ ಕೈಯಿಂದ ಬಂದದ್ದೆಂದು ಎಸೆಯಬೇಡ.

ದಿವ್ಯಾ

*

ಹಾಸ್ಟೆಲ್
9 ಫೆಬ್ರವರಿ 2025

ಅಕ್ಕಾ,

ಮೂರು ವಾರವಾಯಿತು, ನಿನ್ನ ಪತ್ರವಿಲ್ಲ. ಅಮ್ಮನೂ ಫೋನಿನಲ್ಲಿ "ಹಂಗೇ ಇದಾಳೆ" ಎಂದು ಬಿಟ್ಟು ಇನ್ನೇನೂ ಹೇಳುವುದಿಲ್ಲ. ನೀನು ಹೇಳಬೇಡ ಅಂದಿರಬೇಕು.

ಸೋಮಶೇಖರಪ್ಪ ಸರ್ ಮತ್ತೆ ಫೋನ್ ಮಾಡಿದ್ದರು. "ಲವಂಗ ಬಿಟ್ಟು ಬರೋದಾದ್ರೆ ಬಾ" ಅಂದರು. ಬರುವುದಿಲ್ಲ ಎಂದೆ. ಇದನ್ನು ಹೇಳಿ ನಿನ್ನಿಂದ ಒಳ್ಳೆಯವಳು ಅನ್ನಿಸಿಕೊಳ್ಳಲು ಬರೆಯುತ್ತಿಲ್ಲ. ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ ಅನ್ನಿಸುತ್ತದೆ. ಒಂದು ಸಾಲಾದರೂ ಬರೆ. ಬೈದಾದರೂ ಬರೆ.

ದಿವ್ಯಾ

*

ಎಸ್ಟೇಟ್ ಲೈನ್
3 ಮಾರ್ಚ್ 2025

ದಿವ್ಯಾ,

ಬೈದು ನಾಲ್ಕು ಪತ್ರ ಬರೆದೆ. ಒಂದನ್ನೂ ಕಳಿಸಲಿಲ್ಲ. ಕಳಿಸಿದ್ದರೆ ನಿನಗೆ ಹಗುರವಾಗುತ್ತಿತ್ತು.

ಬಾಯಲ್ಲಿ ಮದ್ದು ಇಟ್ಟುಕೊಂಡು ಐದು ನಿಮಿಷ ಕೂರುವುದು ಎಷ್ಟು ಉದ್ದವೆಂದು ನಿನಗೆ ಗೊತ್ತಿಲ್ಲ. ಮೊದಲ ವಾರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಪ್ಪ ಎದುರು ವಾಚು ಹಿಡಿದು ಕೂರುತ್ತಿದ್ದರು. ನಾಲ್ಕು ನಿಮಿಷಕ್ಕೇ "ಆಯ್ತು ಬಿಡು ಮಗಾ" ಅನ್ನುವರು, ನಾನು ತಲೆ ಅಲ್ಲಾಡಿಸುವೆ. ಮಾತ್ರೆ ಸದ್ಯಕ್ಕೆ ಜಾಸ್ತಿ ಮಾಡಲಿಲ್ಲ. ನಾನು ಮೂರು ಸೆಕೆಂಡಿಗೆ ಉಗುಳುತ್ತಿದ್ದದ್ದನ್ನು ಕೇಳಿ ಡಾಕ್ಟರ್ ಬೈಯಲಿಲ್ಲ. ಹುಣ್ಣು ಮುಕ್ಕಾಲು ಇಳಿದಿದೆ. ಬಿಳಿ ಗೆರೆ ಹಾಗೇ ಇದೆ. ಬಾಯಿ ಈಗ ಎರಡೂವರೆ ಬೆರಳು ತೆರೆಯುತ್ತದೆ. ಹಿಂದಿನ ಎರಡು ದವಡೆ ಹಲ್ಲು ಹುಳುಕಾಗಿವೆ, ಅವು ಹೋದ ಹಾಗೆಯೇ.

ನಿನ್ನ ತಪ್ಪೊಂದೇ ಅಲ್ಲ. ನರ್ಸ್ ಬಾಯಿ ಮುಚ್ಚಿಸಿದವಳು ನಾನು. ಆದರೆ ನನ್ನ ಜಂಬವನ್ನು ನಿನ್ನ ಅರವತ್ತೆಂಟು ದಿನದ ಎದುರಿಟ್ಟು ತೂಗಲು ನನ್ನಿಂದ ಇನ್ನೂ ಆಗುತ್ತಿಲ್ಲ.

ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಮಾಸ್ಕ್ ಹಾಕಿಕೊಂಡು ಚಿಕ್ಕಮಗಳೂರಿಗೆ ಹೋದೆ. ಸರ್ ಉಳಿದವರನ್ನೆಲ್ಲ ಹೊರಗೆ ಕಳಿಸಿ ನನಗೊಬ್ಬಳಿಗೇ ಐದು ಕಪ್ಪು ಇಟ್ಟರು, ಆರಿಸಿ ಉಗುರು ಬೆಚ್ಚಗೆ ಮಾಡಿ. ಹುಳಿ ಬಂದದ್ದೊಂದನ್ನು ಗುರುತಿಸಿದೆ. ಉಳಿದ ನಾಲ್ಕೂ ತಪ್ಪು. ಸರ್ ರಿಜಿಸ್ಟರ್ ತೆರೆದು ಪೆನ್ನು ಹಿಡಿದು ಕೂತರು. ಆಮೇಲೆ, "ಇವತ್ತು ನೀನು ಬಂದೇ ಇಲ್ಲ ಅಂತ ಬರ್ಕೋತೀನಿ. ಮುಂದಿನ ಹಂಗಾಮಿಗೆ ಬಂದು ಹೇಳು" ಅಂದರು. ಸ್ಟೂಲಿನಲ್ಲಿ ಅಲ್ಲಿಯವರೆಗೆ ಆ ನಂದನ್. ನೀನು ಬರುವುದಿಲ್ಲ ಎಂದದ್ದನ್ನು ಅವರೇ ಹೇಳಿದರು. ನೀನಾಗಿದ್ದರೆ ನನಗೆ ಇನ್ನೂ ಉರಿಯುತ್ತಿತ್ತು. ನಂದನ್ ಆದದ್ದಕ್ಕೆ ಸಮಾಧಾನವೂ ಇಲ್ಲ.

ನಿನ್ನ ಪರೀಕ್ಷೆ ಮುಗಿಯುವುದು ಇಪ್ಪತ್ತೆಂಟಕ್ಕೆ ಎಂದು ಅಮ್ಮ ಹೇಳಿದಳು. ಡಾಕ್ಟರನ್ನು ಕೇಳಿದ್ದೇನೆ: ಶೀತ, ಜ್ವರ ಇಲ್ಲದಿದ್ದರೆ ಬರಬಹುದಂತೆ. ಈ ಸಲ ಕೊಟ್ಟಿಗೆಹಾರದಲ್ಲಿ ಇಳಿ.

ಬಂದಾಗ ಕ್ಷಮಿಸು ಎಂದು ಶುರು ಮಾಡಬೇಡ. ಮೊದಲು ಕೈ ತೊಳೆದುಕೊ, ಆಮೇಲೆ ಕಿಟಕಿಯ ಹತ್ತಿರ ಬಂದು ಕೂರು. ನನ್ನ ಬಾಯಿಯ ಒಳಗನ್ನು ನಾನು ಇನ್ನೂ ಅಮ್ಮನಿಗೂ ತೋರಿಸಿಲ್ಲ. ನಿನಗೆ ತೋರಿಸುತ್ತೇನೆ. ಟಾರ್ಚು ನಾನೇ ಹಿಡಿಯುತ್ತೇನೆ. ನೀನು ಮುಖ ತಿರುಗಿಸಬಾರದು.

ಧನ್ಯಕ್ಕ